ಯಜಮಾನಿ ಯಾರು?

ಬಾಗಿಲಲ್ಲಿ ನಿಂತು “ಯಜಮಾನರು ಇದ್ದಾರೆಯೆ?” ಎಂದು ಕೇಳುವುದು ನಮ್ಮ ಕಡೆ ಬಹು ಹಿಂದಿನಿಂದ ಬಂದ ವಾಡಿಕೆ. ಕಂದಾಯದ ವಸೂಲಿಗೆ ಬಂದವರು, ಮದುವೆಯ ಕರೆಯೋಲೆ ತಂದವರು, ಸಾಲ ಕೇಳಲು ಬಂದವರು, ಕೊಟ್ಟ ಸಾಲವನ್ನು ಹಿಂದಕ್ಕೆ ಕೇಳಲು ಬಂದವರು, ಎಲ್ಲರೂ ಇದೇ ಮಾತನ್ನಾಡುತ್ತಾರೆ. ಒಳಗಿನಿಂದ ಬರುವ ಉತ್ತರವೂ ನಿಮಗೆ ಗೊತ್ತಿರುವುದೇ: “ಯಜಮಾನರು ಮನೆಯಲ್ಲಿಲ್ಲ, ಸಂಜೆ ಬನ್ನಿ.” ಹೀಗೆ ಉತ್ತರ ಕೊಟ್ಟ ಹೆಂಗಸು ಮನೆಯಲ್ಲಿಯೇ ಇದ್ದಾಳೆ. ಒಲೆ, ಹಾಲು, ದನಕರು, ಮಕ್ಕಳು, ಅತ್ತೆಯ ಔಷಧ, ಅಂಗಡಿಯ ಬಾಕಿ ಎಲ್ಲವೂ ಅವಳ ಕೈಯಲ್ಲಿವೆ. ಆದರೂ ಬಂದವರು ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡೇ ಹಿಂದಿರುಗುತ್ತಾರೆ.

ಈ ‘ಯಜಮಾನ’ ಎಂಬ ಮಾತಿಗೆ ಒಂದು ದೀರ್ಘವಾದ ಚರಿತ್ರೆಯಿದೆ. ಅದರ ಸ್ತ್ರೀಲಿಂಗವಾದ ‘ಯಜಮಾನಿ’ ಎಂಬ ಮಾತಂತೂ ಇತ್ತೀಚಿನ ಕೆಲವು ವರ್ಷಗಳಲ್ಲಿ ಸರಕಾರದ ಕಾಗದಗಳಲ್ಲಿಯೂ ಚುನಾವಣೆಯ ಭಾಷಣಗಳಲ್ಲಿಯೂ ಮೇಲಿಂದ ಮೇಲೆ ಕೇಳಿಬರುತ್ತಿದೆ. ಆ ಮಾತಿನ ಅರ್ಥವೇನು, ಅದನ್ನು ಯಾರು ಯಾವ ಉದ್ದೇಶಕ್ಕೆ ಬಳಸಿದರು ಎಂಬುದನ್ನು ನಿಮ್ಮೊಡನೆ ವಿಚಾರಮಾಡಬೇಕೆಂಬುದೇ ಈ ಲೇಖನದ ಉದ್ದೇಶ. ಇದು ಬರಿಯ ಪಂಡಿತರ ಪದಚರ್ಚೆಯಲ್ಲ. ಈ ಒಂದು ಮಾತನ್ನು ಸರಿಯಾಗಿ ತಿಳಿಯದೆ ನಾನೇ ಒಮ್ಮೆ ಒಂದು ಹುಡುಗಿಯ ಓದಿಗೆ ಅಡ್ಡಿಯಾದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹೆಂಡತಿಯರ ಬಾಯಲ್ಲಿ ಈ ಮಾತು ಹೇಗೆ ನೆಲೆಸಿತೆಂಬುದನ್ನು ನೋಡೋಣ. ಗಂಡನ ಹೆಸರನ್ನು ಹೇಳಬಾರದೆಂಬ ಕಟ್ಟಳೆ ನಮ್ಮ ತಾಯಂದಿರ ಕಾಲದವರೆಗೂ ಗಟ್ಟಿಯಾಗಿತ್ತು. ಹೇಳಲೇಬೇಕಾಗಿ ಬಂದರೆ ಮದುವೆಮನೆಯಲ್ಲಿ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಅಡಗಿಸಿ, ನಾಚಿಕೊಂಡು ಹೇಳುತ್ತಿದ್ದರು. ದಿನದ ಮಾತಿಗೆ ಒಡಪು ನಡೆಯುವುದಿಲ್ಲವಷ್ಟೆ. ಆದುದರಿಂದ “ನಮ್ಮವರು”, “ನಮ್ಮ ಮನೆಯವರು”, “ನಮ್ಮ ಯಜಮಾನರು” ಎಂಬ ಮಾತುಗಳು ಹೆಸರಿನ ಬದಲಿಗೆ ನಿಂತವು. ಕೆಲವು ಸೀಮೆಗಳಲ್ಲಿ ಹೆಂಗಸರು ತಮ್ಮ ಸ್ವಂತ ಹೆಸರನ್ನು ಕೂಡ ಪರಪುರುಷರಿಗೆ ಹೇಳುತ್ತಿರಲಿಲ್ಲ. 1951–52ರ ಮೊದಲನೆಯ ಮಹಾಚುನಾವಣೆಗೆ ಮತದಾರರ ಪಟ್ಟಿ ತಯಾರಿಸುವಾಗ, ಮುಖ್ಯವಾಗಿ ಉತ್ತರದ ಪ್ರಾಂತಗಳಲ್ಲಿ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದವರು ಲಕ್ಷಗಟ್ಟಲೆ ಇದ್ದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಅಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಹೆಸರಿಲ್ಲದವರಿಗೆ ಮತವಿಲ್ಲವೆಂಬುದು ಕಠಿಣವಾಗಿ ಕಂಡರೂ, ಮುಂದಿನ ಚುನಾವಣೆಯ ವೇಳೆಗೆ ಅವರಲ್ಲಿ ಬಹುಮಂದಿ ತಮ್ಮ ಹೆಸರನ್ನು ಹೇಳುವುದನ್ನು ಕಲಿತರು.

ನಮ್ಮ ಮನೆಯಲ್ಲಿ ನನ್ನ ಬಾಲ್ಯದಲ್ಲಿ ಒಂದು ರೇಡಿಯೋ ಇತ್ತು. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತು. ಎಂಬತ್ತರ ದಶಕದಲ್ಲಿ ಆ ಪದ್ಧತಿ ನಿಂತಿತು. ಪರವಾನಗಿಯ ಪುಸ್ತಕ ತಂದೆಯವರ ಹೆಸರಿನಲ್ಲಿತ್ತು. ಬೆಳಗಿನಿಂದ ರಾತ್ರಿಯವರೆಗೆ ರೇಡಿಯೋ ಕೇಳುತ್ತಿದ್ದವರು ಮಾತ್ರ ತಾಯಿ. ಇದರಲ್ಲಿ ಅನ್ಯಾಯವಿದೆಯೆಂದು ಆಗ ಯಾರಿಗೂ ತೋರಲಿಲ್ಲ, ತಾಯಿಗೂ ತೋರಲಿಲ್ಲ.

ಇನ್ನು ಶಬ್ದದ ಮೂಲಕ್ಕೆ ಬರೋಣ. ‘ಯಜ್’ ಎಂಬ ಧಾತುವಿನಿಂದ ‘ಯಜಮಾನ’ ಹುಟ್ಟಿತು. ಯಜ್ಞದಲ್ಲಿ ಮಂತ್ರ ಹೇಳಿ ಆಹುತಿ ಹಾಕುವವನು ಋತ್ವಿಜ. ದ್ರವ್ಯವನ್ನು ಕೊಟ್ಟು, ದೀಕ್ಷೆ ಹಿಡಿದು, ಫಲವನ್ನು ಪಡೆಯತಕ್ಕವನು ಯಜಮಾನ. ಕ್ರಿಯೆಯ ಫಲ ಮಾಡುವವನಿಗೇ ಸೇರುವುದಾದರೆ ಧಾತುವಿಗೆ ಒಂದು ಬಗೆಯ ಪ್ರತ್ಯಯ, ಪರರಿಗೆ ಸೇರುವುದಾದರೆ ಬೇರೊಂದು ಬಗೆಯ ಪ್ರತ್ಯಯ ಎಂದು ಪಾಣಿನಿ ವಿಧಿಸಿದ್ದಾನೆ. ‘ಯಜಮಾನ’ ಎಂಬಲ್ಲಿ ಇರುವುದು ಮೊದಲನೆಯದು. ಆದುದರಿಂದ ಯಜಮಾನನೆಂದರೆ ಮೂಲದಲ್ಲಿ ಆಳುವವನೂ ಅಲ್ಲ, ಒಡೆಯನೂ ಅಲ್ಲ. ಖರ್ಚನ್ನು ಹೊತ್ತುಕೊಂಡು ಫಲಕ್ಕೆ ಭಾಗಿಯಾಗುವವನು.

ಆ ಯಜಮಾನನ ಪಕ್ಕದಲ್ಲಿ ಕುಳಿತವಳಿಗೆ ಅಂದು ‘ಯಜಮಾನಿ’ ಎಂಬ ಹೆಸರಿರಲಿಲ್ಲ. ‘ಪತ್ನಿ’ ಎಂಬ ಹೆಸರಿತ್ತು. ಯಜ್ಞದ ಸಂಬಂಧವಿದ್ದಾಗಲೇ ‘ಪತಿ’ ಶಬ್ದದಿಂದ ‘ಪತ್ನಿ’ ಶಬ್ದ ಆಗತಕ್ಕದ್ದೆಂದು ಪಾಣಿನಿಯೇ ಹೇಳಿದ್ದಾನೆ. ಇವಳಿಗೆ ಯಜ್ಞದಲ್ಲಿ ಅಧಿಕಾರವುಂಟೆ ಎಂಬ ಪ್ರಶ್ನೆ ಜೈಮಿನಿಯ ಮೀಮಾಂಸಾಸೂತ್ರಗಳ 6ನೆಯ ಅಧ್ಯಾಯದಲ್ಲಿ ಬಂದಿದೆ. ವಿಧಿವಾಕ್ಯದಲ್ಲಿ ಪುಲ್ಲಿಂಗವಿರುವುದರಿಂದ ಗಂಡಸಿಗೆ ಮಾತ್ರ ಅಧಿಕಾರವೆಂದು ಐತಿಶಾಯನನೆಂಬ ಆಚಾರ್ಯನ ಮತ. ಅಲ್ಲಿ ಪುಲ್ಲಿಂಗವು ಲಿಂಗವನ್ನು ಹೇಳುವುದಕ್ಕಾಗಿ ಬಂದುದಲ್ಲ, ಇಬ್ಬರಿಗೂ ಸಲ್ಲುತ್ತದೆ ಎಂದು ಬಾದರಾಯಣನ ಮತ. ಕೂಡಲೇ ಇನ್ನೊಂದು ಆಕ್ಷೇಪ: ಹೆಂಗಸಿಗೆ ಸ್ವಂತ ದ್ರವ್ಯವೆಲ್ಲಿದೆ, ದ್ರವ್ಯವಿಲ್ಲದೆ ಯಜ್ಞವೆಲ್ಲಿಯದು? ಇದ್ದೇ ಇದೆ, ಮನೆಯ ಸಾಮಗ್ರಿಗೆ ಅವಳೇ ಒಡತಿ ಎಂದು ಸಮಾಧಾನ. ಕಡೆಗೆ ಗಂಡಹೆಂಡಿರು ಕೂಡಿಯೇ ಮಾಡಬೇಕು, ಫಲ ಇಬ್ಬರಿಗೂ ಸೇರುತ್ತದೆ ಎಂದು ತೀರ್ಮಾನವಾಯಿತು. ಆದರೆ ಅವಳಿಗೆ ಓದಿಲ್ಲವಾದ್ದರಿಂದ ಎಷ್ಟು ಹೇಳಿದೆಯೋ ಅಷ್ಟನ್ನೇ ಮಾಡತಕ್ಕದ್ದು ಎಂದು ಒಂದು ಕಟ್ಟನ್ನೂ ಹಾಕಿದರು. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಈ ಚರ್ಚೆಯನ್ನು ಓದುವಾಗ ನಮ್ಮ ಕಾಲದ ಶಾಸನಸಭೆಯ ನಡವಳಿಯನ್ನೇ ಓದುತ್ತಿದ್ದೇನೋ ಎಂದು ನನಗೆ ಅನ್ನಿಸಿದ್ದುಂಟು.

ಕಾಲ ಕಳೆದಂತೆ ಯಜ್ಞ ಹಿಂದೆ ಸರಿಯಿತು, ಯಜಮಾನ ಮಾತ್ರ ಉಳಿದ. ದಕ್ಷಿಣೆ ಕೊಡುವವನು ದಣಿಯಾದ. ಉತ್ತರದೇಶದಲ್ಲಿ ಕಮ್ಮಾರ, ಬಡಗಿ, ಕ್ಷೌರಿಕರಿಂದ ಕೆಲಸ ಮಾಡಿಸಿಕೊಂಡು ಸುಗ್ಗಿಯಲ್ಲಿ ಧಾನ್ಯ ಅಳೆಯುವ ರೈತನಿಗೆ ‘ಜಜಮಾನ’ ಎಂದು ಹೆಸರಾಯಿತು. ನಮ್ಮಲ್ಲಿ ಯಕ್ಷಗಾನ ಮೇಳಕ್ಕೆ ಒಬ್ಬ ಯಜಮಾನ, ನಾಟಕದ ಕಂಪನಿಗೆ ಒಬ್ಬ ಯಜಮಾನ, ಕುಲಕ್ಕೊಬ್ಬ ಯಜಮಾನ. ಕಡೆಗೆ ಮನೆಗೂ ಒಬ್ಬ. ಎಲ್ಲ ಕಡೆಯೂ ಹೊರಗಿನವರು ಯಾರೊಡನೆ ವ್ಯವಹರಿಸಬೇಕೋ ಅವನೇ ಯಜಮಾನ.

ಇಲ್ಲಿ ವ್ಯಾಕರಣದ ಒಂದು ಸಣ್ಣ ಗಂಟು ಇದೆ. ಓದುಗರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಸಂಸ್ಕೃತದಲ್ಲಿ ತಾನೇ ಪಾಠ ಹೇಳುವ ಹೆಂಗಸು ‘ಉಪಾಧ್ಯಾಯಾ’. ಉಪಾಧ್ಯಾಯನ ಹೆಂಡತಿ ‘ಉಪಾಧ್ಯಾಯಾನೀ’. ತಾನೇ ಆಚಾರ್ಯಳಾದವಳು ‘ಆಚಾರ್ಯಾ’, ಹೆಂಡತಿಯಾದವಳು ‘ಆಚಾರ್ಯಾನೀ’. ಈ ಭೇದವನ್ನು ಹಿಂದಿನ ವೈಯಾಕರಣರು ಎಚ್ಚರಿಕೆಯಿಂದ ಕಾಪಾಡಿದರು. ಕನ್ನಡದಲ್ಲಿ ನಾವು ಅಷ್ಟು ಎಚ್ಚರ ವಹಿಸಲಿಲ್ಲ. ಗೌಡನ ಹೆಂಡತಿ ಗೌಡತಿ, ಅರಸನ ಹೆಂಡತಿ ಅರಸಿ. ತಾನೇ ಗೌಡಿಕೆ ನಡೆಸಿದರೂ, ತಾನೇ ರಾಜ್ಯವಾಳಿದರೂ ಅದೇ ಮಾತು. ಹಾಗಾದರೆ ‘ಯಜಮಾನಿ’ ಯಾರು? ಯಜಮಾನನ ಹೆಂಡತಿಯೋ, ತಾನೇ ಯಜಮಾನಿಕೆ ಉಳ್ಳವಳೋ? ನನ್ನ ಪ್ರಶ್ನೆ ಇಷ್ಟೇ. ಸರಕಾರ ಒಂದು ಅರ್ಥದಲ್ಲಿ ಈ ಮಾತನ್ನು ಆಡಿದೆ, ಮನೆಗಳು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಂಡಿವೆ.

ಎರಡನೆಯ ಅರ್ಥಕ್ಕೆ ನಮ್ಮ ಸೀಮೆಯಲ್ಲಿಯೇ ಹಳೆಯ ಆಧಾರವಿದೆ. ನ್ಯಾಮತಿಯಿಂದ ಶಿಕಾರಿಪುರ ದೂರವಲ್ಲ. ಆ ತಾಲ್ಲೂಕಿನ ಬಂದಳಿಕೆಯಲ್ಲಿ ರಾಷ್ಟ್ರಕೂಟರ ಎರಡನೆಯ ಕೃಷ್ಣನ ಕಾಲದ, ಎಂದರೆ 10ನೆಯ ಶತಮಾನದ ಆರಂಭದ ಶಾಸನವೊಂದಿದೆ. ಬನವಾಸಿ ನಾಡಿಗೆ ಸೇರಿದ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡ. ಅರಸನು ಆ ಪದವಿಯನ್ನು ಅವನ ಹೆಂಡತಿಯಾದ ಜಕ್ಕಿಯಬ್ಬೆಗೆ ಕೊಟ್ಟ. ಎಪ್ಪತ್ತು ಹಳ್ಳಿಗಳ ಆಡಳಿತವನ್ನು ಆಕೆ ಸಮರ್ಥಳಾಗಿ ನಡೆಸಿದಳೆಂದು ಶಾಸನ ಹೊಗಳುತ್ತದೆ. ಕೊನೆಗೆ ರೋಗ ಬಂದು ದೇಹದ ಆಸೆ ತೊರೆದಾಗ ಆಕೆ ಮಗಳನ್ನು ಕರೆಸಿ ತನ್ನದನ್ನು ಅವಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ಮುಡಿಪಿದಳು. ಜಕ್ಕಿಯಬ್ಬೆ ಗಾವುಂಡನ ಹೆಂಡತಿಯೂ ಹೌದು, ಗಾವುಂಡಿಕೆಯನ್ನು ನಡೆಸಿದವಳೂ ಹೌದು. ಆದರೆ ಒಂದು ಮಾತನ್ನು ಮರೆಯಬಾರದು: ಆ ಪದವಿ ಅವಳಿಗೆ ಬಂದದ್ದು ಗಂಡನು ಸತ್ತ ಮೇಲೆ.

ಗಂಡ ಸಾಯುವವರೆಗೆ ಕಾಯಬೇಕಾಗಿಲ್ಲದ ಪದ್ಧತಿ ಕರಾವಳಿಯಲ್ಲಿತ್ತು. ಅಳಿಯಸಂತಾನದ ಮನೆತನಗಳಲ್ಲಿ ಆಸ್ತಿ ಹೆಣ್ಣಿನ ಕವಲಿನಲ್ಲಿ ಹರಿಯುತ್ತಿತ್ತು. ಕುಟುಂಬದಲ್ಲಿ ವಯಸ್ಸಿಗೆ ಹಿರಿಯರಾದವರು ಗಂಡಾದರೆ ಯಜಮಾನ, ಹೆಣ್ಣಾದರೆ ‘ಯಜಮಾನ್ತಿ’. ಈ ಯಜಮಾನ್ತಿ ಯಾರ ಹೆಂಡತಿಯೆಂಬುದು ಪ್ರಶ್ನೆಯೇ ಅಲ್ಲ. ಅವಳ ಗಂಡ ಬೇರೆ ಕುಟುಂಬದವನು. ದಿನದ ವ್ಯವಹಾರವನ್ನು ಸಾಮಾನ್ಯವಾಗಿ ಸೋದರಮಾವಂದಿರೇ ನೋಡಿಕೊಳ್ಳುತ್ತಿದ್ದರೆಂಬುದು ನಿಜ. ಆದರೂ ಮಾತಿಗೆ ಅರ್ಥವಿತ್ತು, ಅರ್ಥಕ್ಕೆ ಆಸ್ತಿಯ ಬೆಂಬಲವಿತ್ತು. 1949ರ ಮದರಾಸಿನ ಅಳಿಯಸಂತಾನ ಕಾಯಿದೆ ಪಾಲು ಪಡೆಯಲು ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಮೇಲೆ ಆ ಪದ್ಧತಿ ಮೆಲ್ಲಮೆಲ್ಲನೆ ಕರಗಿತು.

ಘಟ್ಟದ ಮೇಲಿನ ನಮಗೆ ವಿಜ್ಞಾನೇಶ್ವರನ ಮಿತಾಕ್ಷರೆಯೇ ಪ್ರಮಾಣ. ಅವನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಗಂಡುಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂದು ಹೇಳಿದವನು ಅವನೇ ಎಂದು ಎಲ್ಲರೂ ಬಲ್ಲರು. ಸ್ತ್ರೀಧನವೆಂಬ ಮಾತನ್ನು ಅದರ ಅಕ್ಷರಶಃ ಅರ್ಥದಲ್ಲಿಯೇ ತೆಗೆದುಕೊಳ್ಳಬೇಕು, ಹೆಂಗಸಿಗೆ ಉತ್ತರಾಧಿಕಾರದಿಂದ ಬಂದದ್ದು ಕೂಡ ಅವಳ ಧನವೇ ಎಂದು ಹೇಳಿದವನೂ ಅವನೇ ಎಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಮೊದಲನೆಯದನ್ನು ಇಂಗ್ಲಿಷರ ನ್ಯಾಯಾಲಯಗಳು ಎತ್ತಿಹಿಡಿದವು. ಎರಡನೆಯದನ್ನು ಒಪ್ಪಲಿಲ್ಲ, ಗಂಡನಿಂದ ವಿಧವೆಗೆ ಬಂದ ಆಸ್ತಿ ಸ್ತ್ರೀಧನವಲ್ಲವೆಂದು 1867ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ ತೀರ್ಪಾಯಿತು. ಒಬ್ಬನೇ ಗ್ರಂಥಕಾರನ ಎರಡು ಮಾತುಗಳಿಗೆ ಎರಡು ಗತಿ! ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು, ಪಾಲಿನ ಕಾಲದಲ್ಲಿ ತಾಯಿಗೂ ವಿಧವೆಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಭಾಗವನ್ನು ಕೊಡಿಸಿತೆಂಬುದು ನಮಗೆ ಹೆಮ್ಮೆಯ ಮಾತು. ಕರ್ನಾಟಕದ 1994ರ ತಿದ್ದುಪಡಿ, ಇಡೀ ದೇಶಕ್ಕೆ 2005ರ ತಿದ್ದುಪಡಿ ಅದನ್ನು ಮುಂದುವರಿಸಿದವು. ಕಾಯಿದೆಯ ಪುಸ್ತಕದಲ್ಲಿ ಇಂದು ಮಗಳು ಮಗನಿಗೆ ಸಮಾನಳು.

ಈಗ ಸೂರಗೊಂಡನಕೊಪ್ಪಕ್ಕೆ ಬನ್ನಿ. ಹಿಂದೆ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿದ್ದು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಈ ಊರು ಲಂಬಾಣಿಗರ ಪೂಜ್ಯರಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಅವರು 1739ರ ಫೆಬ್ರವರಿ 15ರಂದು ಹುಟ್ಟಿದರೆಂದು ಭಕ್ತರು ಹೇಳುತ್ತಾರೆ. ಪ್ರತಿವರ್ಷ ಫೆಬ್ರವರಿಯ ಆ ದಿನಗಳಲ್ಲಿ ಮಾಲೆ ಧರಿಸಿದ ಭಕ್ತರು ದೂರದೂರದಿಂದ ನಡೆದು ಬರುತ್ತಾರೆ. ಸೇವಾಲಾಲರ ಗುಡಿಯೊಡನೆ ಮರಿಯಮ್ಮನ ಗುಡಿಯೂ ಅಲ್ಲಿದೆ. ಮರಿಯಮ್ಮನನ್ನು ಅವರು ‘ಯಾಡಿ’ ಎಂದು ಕರೆಯುತ್ತಾರೆ. ಲಂಬಾಣಿ ಮಾತಿನಲ್ಲಿ ಯಾಡಿ ಎಂದರೆ ತಾಯಿ.

ಲಂಬಾಣಿಗರ ಚರಿತ್ರೆಯನ್ನು ಇಲ್ಲಿ ತಂದುದಕ್ಕೆ ಕಾರಣವಿದೆ. ಎತ್ತಿನ ಹೇರಿನಲ್ಲಿ ಉಪ್ಪು, ದವಸಗಳನ್ನು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದ ಕಾಲದಲ್ಲಿ ಇವರ ಮನೆಗಳಿಗೆ ಹೊರಗಿನವರ ಲೆಕ್ಕದಲ್ಲಿ ಯಜಮಾನನೆಂಬವನಿರಲಿಲ್ಲ. ಇಡೀ ತಾಂಡಕ್ಕೆ ನಾಯಕನಿದ್ದ. ನಾಯಕನ ಜೊತೆಗೆ ಕಾರಭಾರಿ, ಡಾವ್ ಎಂಬ ಹಿರಿಯರಿದ್ದರು. ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ಕಾರ್ನ್‌ವಾಲಿಸನ ಸೇನೆಗೂ ಅನಂತರ 1799ರ ಸೇನೆಗೂ ದವಸ ಒದಗಿಸಿದವರು ಈ ಜನವೇ. ಆಗ ಕರಾರು ನಡೆಯುತ್ತಿದ್ದುದು ನಾಯಕರೊಡನೆ. ಹೆಂಗಸರೂ ಗಂಡಸರ ಸಮವಾಗಿ ಎತ್ತಿನ ಸಾಲಿನೊಡನೆ ನಡೆಯುತ್ತಿದ್ದರು. ರೈಲು, ರಸ್ತೆಗಳು ಬಂದು ಎತ್ತಿನ ವ್ಯಾಪಾರ ಮುಗಿದುಹೋಯಿತು. ತಾಂಡಗಳು ಕಾಡಂಚಿನಲ್ಲಿ ನೆಲೆ ನಿಂತವು. ನೆಲೆ ನಿಂತ ಮೇಲೆ ಸರಕಾರಕ್ಕೆ ತಾಂಡ ಸಾಲದಾಯಿತು. ಒಂದೊಂದು ಗುಡಿಸಲಿಗೂ ಒಂದು ಹೆಸರು ಬೇಕಾಯಿತು. ಜನಗಣತಿಗೆ, ಜಮೀನಿನ ಪಹಣಿಗೆ, ಪಡಿತರಕ್ಕೆ, ಸಾಲಕ್ಕೆ, ಎಲ್ಲಕ್ಕೂ. ಹೀಗೆ ತಾಂಡದಲ್ಲಿ ಮನೆಗೊಬ್ಬ ಯಜಮಾನ ಹುಟ್ಟಿದ. ಅವನನ್ನು ಹುಟ್ಟಿಸಿದ ಪಾಪದಲ್ಲಿ ನಮ್ಮ ಉಪಾಧ್ಯಾಯವರ್ಗಕ್ಕೂ ಪಾಲಿದೆ, ಏಕೆಂದರೆ ಮನೆಮನೆಗೆ ಹೋಗಿ ಬರೆದುಕೊಂಡವರು ನಾವೇ.

2011ರ ಫೆಬ್ರವರಿಯ ಜನಗಣತಿಯಲ್ಲಿ ನನಗೆ ಆ ಸೀಮೆಯ ಒಂದು ತಾಂಡ ಬಂದಿತ್ತು. ಒಂದೇ ಒಲೆಯ ಅಡಿಗೆ ಉಣ್ಣುವವರು ಒಂದು ಕುಟುಂಬ. ಮನೆಯವರು ಯಾರನ್ನು ಹಿರಿಯರೆನ್ನುತ್ತಾರೋ ಅವರೇ ಮುಖ್ಯಸ್ಥರು ಎಂದು ನಮಗೆ ತಿಳಿಸಿಕೊಟ್ಟಿದ್ದರು. ಮುಖ್ಯಸ್ಥನು ಗಂಡಸಾಗಿರಬೇಕೆಂದು ಎಲ್ಲಿಯೂ ಇರಲಿಲ್ಲ. ನಾನು ಮಾತ್ರ ಪ್ರತಿಯೊಂದು ಬಾಗಿಲಲ್ಲಿಯೂ “ಯಜಮಾನರ ಹೆಸರೇನಮ್ಮ?” ಎಂದೇ ಕೇಳಿದೆ. “ಕಾಫಿ ಕೊಯ್ಲಿಗೆ ಹೋಗ್ಯಾರೆ ಸಾ” ಎಂದು ಉತ್ತರ. ಹೆಸರನ್ನು ಹೇಳಲು ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಿದ್ದರು. ಮೂರು ತಿಂಗಳಿಂದ ಊರಲ್ಲಿಲ್ಲದವನನ್ನು ಮನೆಯ ಮುಖ್ಯಸ್ಥನೆಂದು ಬರೆದು, ಆ ಮೂರು ತಿಂಗಳೂ ಮನೆಯನ್ನು ನಡೆಸಿದವಳನ್ನು ಎರಡನೆಯ ಸಾಲಿನಲ್ಲಿ ‘ಹೆಂಡತಿ’ ಎಂದು ಬರೆದೆ. ಕೇಳುವ ಪ್ರಶ್ನೆಯಲ್ಲಿಯೇ ಉತ್ತರ ಅಡಗಿತ್ತೆಂಬುದು ಆಗ ನನಗೆ ಹೊಳೆಯಲಿಲ್ಲ.

ಅದಕ್ಕೂ ಕೆಲವು ವರ್ಷಗಳ ಹಿಂದಿನ ಸಂಗತಿಯನ್ನು ಹೇಳುತ್ತೇನೆಂದಿದ್ದೆನಷ್ಟೆ. ಆಗ ನಾನಿದ್ದ ಒಂದು ಹೈಸ್ಕೂಲಿಗೆ ಜೂನ್ ತಿಂಗಳಲ್ಲಿ ಒಬ್ಬ ಲಂಬಾಣಿ ತಾಯಿ ಮಗಳನ್ನು 8ನೆಯ ತರಗತಿಗೆ ಸೇರಿಸಲು ಬಂದಳು. ವರ್ಗಾವಣೆ ಪತ್ರ ಇತ್ತು, ಅಂಕಪಟ್ಟಿ ಇತ್ತು, ಅಂಕಗಳೂ ಚೆನ್ನಾಗಿದ್ದವು. ಪಾಲಕರ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಲು ಆಕೆ ಕೈ ಚಾಚಿದಾಗ ನಾನು, “ಯಜಮಾನರನ್ನು ಕಳಿಸಿಕೊಡಮ್ಮ, ಅವರ ಸಹಿಯಾಗಬೇಕು” ಎಂದೆ. ಗಂಡ ಮಲೆನಾಡಿನ ತೋಟದಲ್ಲಿದ್ದಾನೆ, ಬರಲು ತಿಂಗಳಾಗುತ್ತದೆ ಎಂದಳು. ಬಂದ ಮೇಲೆ ಕರೆದುಕೊಂಡು ಬನ್ನಿ ಎಂದೆ. ಒರಟಾಗಿ ಹೇಳಲಿಲ್ಲ, ನಯವಾಗಿಯೇ ಹೇಳಿದೆ. ಅವರು ಮತ್ತೆ ಬರಲಿಲ್ಲ. ಹುಡುಗಿ ತಾಯಿಯೊಡನೆ ತೋಟದ ಕೆಲಸಕ್ಕೆ ಹೋದಳೆಂದು ದಸರೆಯ ಹೊತ್ತಿಗೆ ಕೇಳಿದೆ.

ಈ ಘಟನೆ ನಡೆಯುವುದಕ್ಕೆ ಮೊದಲೇ, 1999ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟು ಗೀತಾ ಹರಿಹರನ್ ಎಂಬ ಲೇಖಕಿಯ ಮೊಕದ್ದಮೆಯಲ್ಲಿ ಒಂದು ಪದದ ಅರ್ಥವನ್ನು ನಿರ್ಣಯಿಸಿತ್ತು. ಅಪ್ರಾಪ್ತ ವಯಸ್ಸಿನ ಮಕ್ಕಳಿಗೆ ಸಹಜ ಪಾಲಕನು ತಂದೆ, ಅವನ ‘ಅನಂತರ’ ತಾಯಿ ಎಂದು 1956ರ ಕಾಯಿದೆಯಲ್ಲಿದೆ. ‘ಅನಂತರ’ ಎಂದರೆ ತಂದೆ ಸತ್ತ ಮೇಲೆ ಎಂದೇ ಎಲ್ಲರೂ ತಿಳಿದಿದ್ದರು. ಹಾಗಲ್ಲ, ತಂದೆ ದೂರವಿದ್ದು ಮಕ್ಕಳನ್ನು ನೋಡಿಕೊಳ್ಳದಿರುವಾಗಲೂ ತಾಯಿಯೇ ಪಾಲಕಳು ಎಂದು ನ್ಯಾಯಮೂರ್ತಿಗಳು ಅರ್ಥಮಾಡಿದರು. ಶಾಲೆಯ ಒಂದು ಅರ್ಜಿಗೆ ಅಷ್ಟು ದೊಡ್ಡ ತೀರ್ಪು ಬೇಕಾಗಿಯೂ ಇರಲಿಲ್ಲ. ನಾನು ಸುಮ್ಮನೆ ಮಸಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದ್ದರೆ ಸಾಕಾಗಿತ್ತು. ಪಾಣಿನಿಯ ಸೂತ್ರವನ್ನು ಮಕ್ಕಳಿಗೆ ವಿವರಿಸುವ ಪಂಡಿತನಿಗೆ ತನ್ನ ಮೇಜಿನ ಮೇಲಿನ ಕಾಗದದಲ್ಲಿ ‘ಪಾಲಕರು’ ಎಂದಿರುವುದು, ‘ತಂದೆ’ ಎಂದಿಲ್ಲದಿರುವುದು ಕಾಣಲಿಲ್ಲ.

ಇಷ್ಟರಲ್ಲಿ ಸರಕಾರದ ಭಾಷೆ ಬದಲಾಯಿಸತೊಡಗಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ 13ನೆಯ ವಿಧಿಯಂತೆ, ಪಡಿತರ ಚೀಟಿಗಾಗಿ ಮನೆಯಲ್ಲಿರುವ 18 ವರ್ಷ ತುಂಬಿದ ಹೆಂಗಸರಲ್ಲಿ ಹಿರಿಯಳಾದವಳೇ ಕುಟುಂಬದ ಮುಖ್ಯಸ್ಥೆ. ಅಂಥವಳು ಇಲ್ಲದಿದ್ದರೆ ಮಾತ್ರ ಗಂಡಸು. ಅಕ್ಕಿ ಗೋಧಿ ಅವಳ ಕೈಗೆ ಬಂದರೆ ಮಕ್ಕಳ ಹೊಟ್ಟೆಗೆ ಸೇರುತ್ತದೆಂಬ ನಂಬಿಕೆ ಇದರ ಹಿಂದಿತ್ತು. ದೇಶದ ಕೋಟ್ಯಂತರ ಮನೆಗಳಲ್ಲಿ ಮುಖ್ಯಸ್ಥರು ಬದಲಾದರು. ಆದರೆ ಮನೆಯಲ್ಲಿ ಯಾರಿಗೂ ಅದು ತಿಳಿಯಲಿಲ್ಲ, ಏಕೆಂದರೆ ಚೀಟಿ ಗೂಡಿನಲ್ಲಿತ್ತು.

ತಿಳಿದದ್ದು ಚುನಾವಣೆ ಬಂದಾಗ. 2023ರ ಜನವರಿ 16ರಂದು ಬೆಂಗಳೂರಿನ ಅರಮನೆ ಮೈದಾನದ ಸಮಾವೇಶದಲ್ಲಿ ಕಾಂಗ್ರೆಸ್ ಪಕ್ಷವು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವುದಾಗಿ ಸಾರಿ ಅದಕ್ಕೆ ‘ಗೃಹಲಕ್ಷ್ಮಿ’ ಎಂದು ಹೆಸರಿಟ್ಟಿತು. ಮರುತಿಂಗಳ ಆಯವ್ಯಯದಲ್ಲಿ ಆಗ ಆಳುತ್ತಿದ್ದ ಭಾರತೀಯ ಜನತಾ ಪಕ್ಷದ ಸರಕಾರ ಭೂಮಿಯಿಲ್ಲದ ಕೂಲಿಕಾರ ಹೆಂಗಸರಿಗಾಗಿ ‘ಗೃಹಿಣಿ ಶಕ್ತಿ’ ಎಂಬ ಯೋಜನೆಯನ್ನು ಸಾರಿತು. ಎರಡು ಪಕ್ಷಗಳಿಗೂ ಬೇಕಾದದ್ದು ‘ಗೃಹ’ವೇ. ಮೇ ತಿಂಗಳಲ್ಲಿ ಚುನಾವಣೆಯಾಗಿ, ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ಒಂದು ಕೋಟಿಗೂ ಮೀರಿದ ಹೆಂಗಸರು ಅದಕ್ಕೆ ಸೇರಿದರು. ಪಡಿತರ ಚೀಟಿಯಲ್ಲಿ ಮುಖ್ಯಸ್ಥೆಯೆಂದು ಹೆಸರಿದ್ದವಳಿಗೇ ಹಣ. ಗೂಡಿನಲ್ಲಿದ್ದ ಚೀಟಿ ಈಗ ಹೊರಗೆ ಬಂದಿತು.

ಹೆಸರುಗಳನ್ನು ಸ್ವಲ್ಪ ಹೋಲಿಸಿ ನೋಡಿ. ಬಂಗಾಳದವರು 2021ರಲ್ಲಿ ಇಟ್ಟ ಹೆಸರು ‘ಲಕ್ಷ್ಮೀರ್ ಭಂಡಾರ್’. ಮಧ್ಯಪ್ರದೇಶದವರು 2023ರಲ್ಲಿ ‘ಲಾಡ್ಲಿ ಬೆಹನಾ’ ಎಂದರು. ಮಹಾರಾಷ್ಟ್ರದವರು 2024ರಲ್ಲಿ ‘ಮಾಝೀ ಲಾಡ್ಕೀ ಬಹೀಣ್’ ಎಂದರು. ಹೆಂಗಸು ಮುದ್ದಿನ ತಂಗಿಯಾದರೆ ಹಣ ಕೊಡುವವನು ಅಣ್ಣನಾದ. ತವರಿನ ಉಡುಗೊರೆಗೆ ಯಾರೂ ಲೆಕ್ಕ ಕೇಳುವುದಿಲ್ಲ, ಕೊಡದಿದ್ದರೆ ಹಕ್ಕೆಂದು ಜಗಳವಾಡುವುದೂ ಇಲ್ಲ. ತಮಿಳುನಾಡಿನವರು 2023ರ ಸೆಪ್ಟೆಂಬರ್ 15ರಂದು ಆರಂಭಿಸಿದ 1,000 ರೂಪಾಯಿಯ ಯೋಜನೆಗೆ ‘ಉರಿಮೈ ತೊಗೈ’ ಎಂದು ಹೆಸರಿಟ್ಟರು. ಉರಿಮೈ ಎಂದರೆ ಹಕ್ಕು. ಪಡೆಯುವವಳನ್ನು ‘ಕುಡುಂಬ ತಲೈವಿ’, ಕುಟುಂಬದ ನಾಯಕಿ ಎಂದರು. ಈ ಎಲ್ಲದರಲ್ಲಿ ನನಗೆ ಮೆಚ್ಚಿಕೆಯಾದದ್ದು ಇದೇ ಎಂದು ಹೇಳಲು ಸಂಕೋಚವಿಲ್ಲ. ನಾವು ಕನ್ನಡಿಗರು ಅರ್ಧ ದಾರಿಯಲ್ಲಿ ನಿಂತೆವು. ಯೋಜನೆಯ ಹೆಸರು ‘ಗೃಹಲಕ್ಷ್ಮಿ’, ಪಡೆಯುವವಳ ಹೆಸರು ‘ಯಜಮಾನಿ’. ಲಕ್ಷ್ಮಿಯೆಂಬುದು ಸ್ತುತಿ, ಯಜಮಾನಿಯೆಂಬುದು ಅಧಿಕಾರ. ಸೊಸೆ ಸೇರನ್ನು ಒದ್ದು ಒಳಗೆ ಬಂದ ದಿನ ಅವಳನ್ನು ಲಕ್ಷ್ಮಿಯೆನ್ನುತ್ತೇವೆ. ಲಕ್ಷ್ಮಿ ಐಶ್ವರ್ಯವನ್ನು ತರುವವಳೇ ಹೊರತು ಅದರ ಲೆಕ್ಕ ಕೇಳುವವಳಲ್ಲ. 2006ರಲ್ಲಿ ಹೆಣ್ಣುಮಕ್ಕಳಿಗಾಗಿ ಬಂದ ಯೋಜನೆಗೂ ‘ಭಾಗ್ಯಲಕ್ಷ್ಮಿ’ ಎಂದೇ ಹೆಸರಾಗಿತ್ತು. ಈ ದೇವಿ ಯಾವ ಪಕ್ಷದ ಸರಕಾರವನ್ನೂ ಬಿಟ್ಟವಳಲ್ಲ.

‘ಯಜಮಾನಿ’ ಎಂಬ ಮಾತು ಮನೆಗಳ ಒಳಗೆ ಹೊಕ್ಕಾಗ ಒಡನೆಯೇ ಗದ್ದಲವಾಯಿತು. ಒಂದು ಚೀಟಿಗೆ ಒಬ್ಬಳೇ ಯಜಮಾನಿ. ಹಾಗಾದರೆ ಅತ್ತೆಯೋ, ಸೊಸೆಯೋ? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಗೆ ಪತ್ರಿಕೆಗಳಲ್ಲಿಯೂ ಮಂತ್ರಿಗಳ ಹೇಳಿಕೆಗಳಲ್ಲಿಯೂ ಹೊಸ ವ್ಯಾಖ್ಯಾನಗಳು ಬಂದವು. ಹಿರಿಯಳೇ ಯಜಮಾನಿಯೆಂಬ ನಿಯಮದಂತೆ ಅತ್ತೆ ಗೆದ್ದಳು. ಅನೇಕ ಮನೆಗಳವರು ಚೀಟಿಯನ್ನು ಬೇರೆ ಮಾಡಿಸಲು ಓಡಾಡಿದರು. ಇದನ್ನು ಕಂಡು ಸರಕಾರ ಮನೆ ಮುರಿಯಿತೆಂದು ದೂರಿದವರೂ ಇದ್ದಾರೆ. ಗಂಡಸರು ಪಾಲಿಗಾಗಿ ಒಲೆ ಒಡೆದಾಗ ನಾವು ಅದನ್ನು ವ್ಯವಹಾರವೆನ್ನುತ್ತಿದ್ದೆವು. ಹೆಂಗಸರು ಕೇಳಿದಾಗ ಮನೆಮುರುಕತನವೆನ್ನುತ್ತೇವೆ. ಆ ದೂರಿಗೆ ನಾನು ಇಷ್ಟಕ್ಕಿಂತ ಹೆಚ್ಚಿನ ಬೆಲೆ ಕೊಡಲಾರೆ. ನನ್ನ ಸಂದೇಹ ಬೇರೆ. ಅಳಿಯಸಂತಾನದ ಯಜಮಾನ್ತಿಗೆ ಭೂಮಿಯಿತ್ತು, ಜಕ್ಕಿಯಬ್ಬೆಗೆ ಎಪ್ಪತ್ತು ಹಳ್ಳಿಗಳಿದ್ದವು. ಚೀಟಿಯ ಯಜಮಾನಿಗೆ ಏನಿದೆ?

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತು. ದಸರೆಯ ರಜೆಯಲ್ಲಿ ನಾವು ಮತ್ತೆ ಮನೆಮನೆಗೆ ಹೊರಟೆವು. ಈ ಸಲ ಕೈಯಲ್ಲಿ ಕಾಗದದ ಬದಲು ಮೊಬೈಲು, ಅದರಲ್ಲಿ 60 ಪ್ರಶ್ನೆಗಳು. ನನಗೆ ಬಂದ ಮನೆಗಳಲ್ಲಿ ಒಂದು ತಾಂಡವೂ ಇತ್ತು. ಒಂದು ಮನೆಯ ಮುಂದೆ ಮೆಕ್ಕೆಜೋಳ ಒಣಗಲು ಹಾಕಿತ್ತು. ಈ ಸಲ ಪ್ರಶ್ನೆಯನ್ನು ತಿದ್ದಿಕೊಂಡು, “ಈ ಮನೆಗೆ ಯಜಮಾನರು ಯಾರು, ಗಂಡಸರೋ ಹೆಂಗಸರೋ?” ಎಂದು ಕೇಳಿದೆ. ಜೋಳ ಹರವುತ್ತಿದ್ದ ಹೆಂಗಸು ತಲೆಯೆತ್ತಿ, “ನಾನೇ ಸಾ. ಕಾರ್ಡ್ನಾಗೆ ನನ್ನ ಹೆಸರೈತಿ, ಬರ್ಕಳ್ರಿ” ಎಂದಳು. ಗಂಡನ ಹೆಸರನ್ನು ಕೇಳಿದಾಗಲೂ ಒಂದು ಕ್ಷಣ ತಡೆದು, ನಕ್ಕು, ತಾನೇ ಹೇಳಿದಳು. ಪಕ್ಕದ ಮನೆಯ ಹುಡುಗನನ್ನು ಕರೆಯಲಿಲ್ಲ.

ಪ್ರಶ್ನೆಗಳು ಮುಂದುವರಿದವು. ಜಮೀನು ಎಷ್ಟು? ಎರಡು ಎಕರೆ. ಯಾರ ಹೆಸರಿನಲ್ಲಿದೆ? ಮಾವನ ಹೆಸರಿನಲ್ಲಿ, ಮಾವ ತೀರಿಕೊಂಡು ಎಂಟು ವರ್ಷವಾಯಿತು. ಖಾತೆ ಬದಲಾಯಿಸಿದರೆ ಯಾರ ಹೆಸರಿಗೆ ಬರುತ್ತದೆ ಎಂದು ನಾನಾಗಿ ಕೇಳಿದೆ. ಅದು 60ರಲ್ಲಿ ಸೇರಿದ ಪ್ರಶ್ನೆಯಲ್ಲ. “ಅವ್ರ ಹೆಸರಿಗೆ, ಅವ್ರ ತಮ್ಮಂದಿರ ಹೆಸರಿಗೆ” ಎಂದಳು. ತಿಂಗಳ 2,000ದಲ್ಲಿ ಏನು ಮಾಡುತ್ತೀರಿ ಎಂದೆ. ಮಗಳು ಪಿ.ಯು.ಸಿ. ಓದುತ್ತಿದ್ದಾಳೆ, ಅವಳ ಖರ್ಚಿಗೆ, ಉಳಿದದ್ದು ಸಂಘದ ಸಾಲದ ಕಂತಿಗೆ ಎಂದಳು. ಮುಂದಿನ ತಿಂಗಳು ಕಾಫಿ ಸೀಮೆಗೆ ಹೊರಡಬೇಕೆಂದು ಗಂಡನ ಮನೆಯವರು ಹೇಳುತ್ತಿದ್ದಾರೆ. ಮಗಳನ್ನು ಬಿಟ್ಟು ತಾನು ಹೋಗುವುದಿಲ್ಲ, ಬೇಕಾದರೆ ಅವರು ಹೋಗಲಿ ಎಂದಳು. ಇದನ್ನು ಹೇಳುವಾಗ ಅವಳ ದನಿ ಸ್ವಲ್ಪ ಏರಿತು.

ಕೊನೆಯಲ್ಲಿ ಕೊಟ್ಟ ವಿವರಗಳೆಲ್ಲ ಸರಿಯೆಂದು ಒಂದು ಹಾಳೆಗೆ ಸಹಿ ಪಡೆಯಬೇಕಾಗಿತ್ತು. ಹಾಳೆಯನ್ನು ಮುಂದೆ ಹಿಡಿದೆ. ಅವಳು ಸೆರಗಿನಿಂದ ಕೈಯೊರಸಿಕೊಂಡು ಪೆನ್ನು ತೆಗೆದುಕೊಂಡಳು. ತೆಗೆದುಕೊಂಡವಳು ತಡೆದು, “ನಾನು ಮಾಡಿದ್ರೆ ನಡೀತದಾ ಸಾ, ಅವ್ರು ಬರಬೇಕಾ?” ಎಂದು ಕೇಳಿದಳು.

“ನೀವೇ ಮಾಡಿ ಅಮ್ಮ” ಎಂದೆ. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಬರೆದಳು.